ಒಂದು ಗೇಣು ಗಿಡ್ಡವಾದ ಹಾಡು

ನನಗೆ ಕುಣಿಯಲು ಬರುವುದಿಲ್ಲ. ಆದರೂ ಅದೊಂದು ಇಂಗ್ಲಿಷ್ ಹಾಡು ಕಿವಿಗೆ ಬಿದ್ದರೆ ಸಾಕು, ಎರಡನೇ ಚರಣ ಮುಗಿಯುವಾಗ ಬಲಗಾಲು ತಾನಾಗಿಯೇ ಚಂಗನೆ ಮೇಲೇಳುತ್ತದೆ. ಬ್ಯಾಂಕಿನ ಕ್ಯೂನಲ್ಲೂ ಎದ್ದಿದೆ. ನಂಬಿದರೆ ನಂಬಿ, ಇದು ರೋಗವಲ್ಲ. ಫಳ್ನೀರಿನ ನಮ್ಮ ಮನೆಯವರಿಗೆಲ್ಲ ಇದೆ.

ಕ್ಯಾಸೆಟ್ಟಿನ ಕಾಲ ಅದು; ಆಗ ಹೊಸ ಅಲೆಯ ಹಾಡೆಂದರೆ ತಬಲವಿಲ್ಲ, ಪಿಟೀಲಿಲ್ಲ. ಯಂತ್ರಗಳೇ ಗೆಜ್ಜೆ ಕಟ್ಟಿಕೊಂಡಂಥ ಸದ್ದು. ಅಕ್ಕನ ನಿಶ್ಚಿತಾರ್ಥ ಮುಗಿಸಿ ಬಹರೈನಿಗೆ ಮರಳಿದ ಭಾವ, ಊರಿಗೆ ಬರುವವರೊಬ್ಬರ ಕೈಯಲ್ಲಿ ಆ ಇಂಗ್ಲಿಷ್ ಹಾಡಿನ ಕ್ಯಾಸೆಟ್ ಕಳಿಸಿದ್ದರು. ಬೇರೆಯವರು ಸೆಂಟು, ಸೀರೆ ಕಳಿಸುತ್ತಾರೆ; ಇವರು ಹಾಡು ಕಳಿಸಿದರಲ್ಲ ಎಂದು ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯ ಯಜಮಾನರಾದ ಸೋದರಮಾವ ಮಾತ್ರ ಅದನ್ನು ಡಬ್ಬಿ ಗಲಾಟೆ ಎಂದರು.

ಹಾಕಿ ಹಾಕಿ ಒಂದು ಮಧ್ಯಾಹ್ನ ಟೇಪ್‌ರೆಕಾರ್ಡರ್ ಅದನ್ನು ಜಗಿದೇಬಿಟ್ಟಿತು. ಮದುವೆಗೆ ಮೊದಲೇ ಉಡುಗೊರೆ ಹಾಳು! ಅಕ್ಕ ಮನಸಾರೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಸುಕ್ಕಾದ ಒಂದು ಗೇಣು ಟೇಪನ್ನು ಕತ್ತರಿಸಿ ತೆಗೆದು, ತುದಿಗಳನ್ನು ನೈಲ್ ಪಾಲಿಶಿನಿಂದ ಅಂಟಿಸಿದಳು. ಹಾಡು ಬದುಕಿತು. ಆದರೆ ಎರಡನೇ ಚರಣದ ಕೊನೆಗೆ ಬಂದಾಗ ಚರಂಡಿ ದಾಟುವವರಂತೆ ಒಂದು ನೆಗೆತ.

"ಅವರಿಗೆ ಹೇಳ್ಬೇಡ ಮಾರಾಯ, ಬೇಜಾರು ಮಾಡ್ತಾರೆ" ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಆದರೂ ದಿಬ್ಬಣ ಬರುವಾಗ ಅದೇ ಹಾಡು ಆಗಬೇಕೆಂದು ಅವಳ ಹಟ. ನಮ್ಮ ಬ್ಯಾಂಡ್ ಮಾಸ್ಟರರಿಗೆ ಸ್ವರಲಿಪಿಯ ಹಂಗಿಲ್ಲ, ಕೇಳಿಯೇ ಕಲಿಯುವುದು. ಕ್ಯಾಸೆಟ್ ಕೇಳಿ ನೆಗೆತಕ್ಕೆ ತಲೆದೂಗಿದರು: "ಫಾರಿನ್‌ನವರ ತಲೆ ನೋಡಿ! ಎಂತ ಚಂದದ ಜಂಪ್ ಉಂಟು!" ತಾಳೆಗರಿಯಲ್ಲಿ ಹುಳ ತಿಂದ ಜಾಗವೂ ಪಂಡಿತರ ಕೈಯಲ್ಲಿ ಪಾಠಾಂತರವಾಗುವುದುಂಟಲ್ಲ, ಹಾಗೆ. ಜಂಪಿನಲ್ಲಿ ಇಡೀ ಬ್ಯಾಂಡು ಹಾರಬೇಕೆಂದೂ ಅವರೇ ಗೊತ್ತುಮಾಡಿದರು.

ಮದುವೆಯ ದಿನ ಕಲ್ಯಾಣಮಂಟಪದ ಬಾಗಿಲಲ್ಲಿ ಮಾವ ಬೆಳ್ಳಿಯ ಪನ್ನೀರುದಾನಿ ಹಿಡಿದು ಗಂಭೀರವಾಗಿ ನಿಂತಿದ್ದರು. ಬ್ಯಾಂಡು ಶುರುವಾದದ್ದೇ ಭಾವ ಹಿಗ್ಗಿ ಕುಣಿಯತೊಡಗಿದರು. ಜಂಪ್ ಬಂತು. ಬ್ಯಾಂಡಿನವರು ಹಾರಿದರು, ಕೇಳಿ ಕೇಳಿ ರೂಢಿಯಾದ ನಾವೆಲ್ಲ ಹಾರಿದೆವು, ಡಬ್ಬಿ ಗಲಾಟೆಯ ಮಾವನೂ ಹಾರಿದರು! ಪೂರ್ತಿ ಹಾಡು ಬಲ್ಲ ಮದುಮಗ ಒಬ್ಬರೇ ಹಾರದೆ ಮುಂದೆ ಬಂದು ಮಾವನಿಗೆ ಡಿಕ್ಕಿ ಹೊಡೆದರು. ಪನ್ನೀರೆಲ್ಲ ಮಾವನ ಬೋಳುತಲೆಗೆ. ಕಿಟಕಿಯಲ್ಲಿ ಇಣುಕುತ್ತಿದ್ದ ಅಕ್ಕನ ಮುಖ ಬಿಳಿಚಿತು.

ಮಾವ ತಲೆ ಒರೆಸಿಕೊಂಡು, "ಮದುಮಗನಿಗೆ ತಾಳ ಇಲ್ಲ ಮಾರಾಯ್ರೆ, ಇನ್ನೊಮ್ಮೆ ಬಾರಿಸಿ!" ಎಂದರು. ಎರಡನೇ ಸಲ ಭಾವನೂ ಸರಿಯಾಗಿ ಹಾರಿದರು, ಏನೋ ಹೊಸ ಫ್ಯಾಶನ್ ಇರಬೇಕೆಂದು.

ಆಮೇಲೆ ಊರಿನ ಮದುವೆಗಳಲ್ಲೆಲ್ಲ ಅದೇ ಗೀಳು. ಕೊಡಿಯಾಲ್‌ಬೈಲಿನ ಕಾಲೇಜು ಹುಡುಗರು ವಾರ್ಷಿಕೋತ್ಸವದಲ್ಲಿ ಹಾರಿದರು. ಬೈಕಂಪಾಡಿಗೆ ಹೋಗುವ ಬಸ್ಸೊಂದರ ಹಾರ್ನಿನಲ್ಲೂ ಹಾಡು ಜಂಪ್ ಸಮೇತ ಬಂತು. ಎಲ್ಲೋ ಸಮುದ್ರದಾಚೆ ಅದನ್ನು ಹಾಡಿದವರಿಗೆ ತಮ್ಮ ಈ ಕೀರ್ತಿ ಗೊತ್ತೇ ಇಲ್ಲ, ಪಾಪ.

ಮದುವೆಯ ನಂತರದ ಮೊದಲ ರಜೆಗೆ ಭಾವ ಅದೇ ಹಾಡಿನ ಹೊಸ ಕ್ಯಾಸೆಟ್ ತಂದರು. ಹಾಕಿದೆವು. ಆ ಜಾಗ ಬಂದಾಗ ಮನೆಯವರೆಲ್ಲ ಹಾರಿದರು, ಭಾವನೂ ಹಾರಿದರು. ಹಾಡು ಮಾತ್ರ ಹಾರಲಿಲ್ಲ. ಇನ್ನು ಗುಟ್ಟು ಮುಚ್ಚಿಡುವಂತಿರಲಿಲ್ಲ. ಅಕ್ಕ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು.

ಭಾವ ಟೇಪ್‌ರೆಕಾರ್ಡರ್ ನಿಲ್ಲಿಸಿದರು. ಮತ್ತೆ ಹೊಸ ಕ್ಯಾಸೆಟ್ಟನ್ನು ಹೊರತೆಗೆದು ಅಕ್ಕನ ಮುಂದಿಟ್ಟು ಹೇಳಿದರು:

"ಇದರಲ್ಲಿ ಹಾಡು ತಪ್ಪು ಉಂಟು ಮಾರಾಯ್ತಿ. ನಿನ್ನ ನೈಲ್ ಪಾಲಿಶ್ ತಾ."