ತುಂಬುತೋಳಿನ ಬೇಸಿಗೆ

ಬೈಲಹೊಂಗಲದ ಉರಿಬಿಸಿಲಿನಲ್ಲಿ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಸೀರೆ ಬಿಚ್ಚಿ ತೋರಿಸುವ ಅಂಗಡಿಕಾರನೊಬ್ಬನನ್ನು ನೀವು ಕಂಡಿದ್ದರೆ, ಗೆಳೆಯರೇ, ಅದು ನಾನೇ. ಜನ ಶೋಕಿ ಎಂದುಕೊಂಡರು. ನಾನು ಮುಚ್ಚಿಕೊಂಡದ್ದು ಮೊಣಕೈಯ ಕೆಂಪು ಮಚ್ಚೆಗಳನ್ನು, ಅವುಗಳ ಮೇಲಿನ ಬೆಳ್ಳಿಯಂಥ ಹೊಟ್ಟನ್ನು. ಮೈ ಮುಚ್ಚಲೆಂದೇ ಇರುವ ಚರ್ಮವನ್ನು ಮುಚ್ಚಲು ನನಗೆ ಮತ್ತೊಂದು ಬಟ್ಟೆ ಬೇಕಾಗಿತ್ತು.

ಮೊದಮೊದಲು ಕಂಡವರೆಲ್ಲ ವೈದ್ಯರಾದರು. ಒಬ್ಬರು ಬೇವಿನೆಣ್ಣೆ ಹಚ್ಚಿಸಿದರು, ಇನ್ನೊಬ್ಬರು ಬದನೆಕಾಯಿ ಬಿಡಿಸಿದರು. ಹುಟ್ಟಿದಾಗಿನಿಂದ ಮೀನಿನ ಮುಖ ನೋಡದ ನನ್ನಿಂದ ಸೋದರಮಾವ ಇನ್ನು ಮೀನು ತಿನ್ನುವುದಿಲ್ಲವೆಂದು ಆಣೆ ಹಾಕಿಸಿಕೊಂಡ. ಕೊನೆಗೆ ಧಾರವಾಡದ ಚರ್ಮವೈದ್ಯೆ ಇದು ಸೋರಿಯಾಸಿಸ್ ಎಂದರು. ಮೈಯ ಕಾವಲುಗಾರರೇ ಅತ್ಯುತ್ಸಾಹದಲ್ಲಿ ದಾರಿತಪ್ಪಿ ಚರ್ಮವನ್ನು ಅವಸರವಸರವಾಗಿ ಬೆಳೆಸುತ್ತಾರೆ, ಒಬ್ಬರಿಂದೊಬ್ಬರಿಗೆ ಅಂಟದು, ಪೂರ್ತಿ ಹೋಗುವ ಭರವಸೆಯೂ ಇಲ್ಲ, ಮುಲಾಮು ತಪ್ಪಿಸದಿದ್ದರೆ ಹತೋಟಿಯಲ್ಲಿರುತ್ತದೆ ಎಂದು ತಿಳಿಸಿದರು. ತಲೆಗೆ ತಿಳಿಯಿತು, ತೋಳಿಗೆ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಸಂಗೊಳ್ಳಿಯ ಅಜ್ಜಿಯೊಬ್ಬಳು ಗಂಡನನ್ನೂ, ಮದುವೆ ಗೊತ್ತಾದ ಮೊಮ್ಮಗಳು ಸವಿತಾಳನ್ನೂ ಕರೆದುಕೊಂಡು ಬಂದಳು. ರವಿಕೆಗೆ ಮಣಿಕಟ್ಟಿನತನಕ ತೋಳು ಬೇಕೆಂದು ಸವಿತಾಳ ಹಟ. ಈ ಬಿಸಿಲಲ್ಲಿ ಯಾಕೆಂದು ಅಜ್ಜಿಯ ಗೊಣಗಾಟ. ಕರೆಂಟು ಬೇರೆ ಹೋಗಿತ್ತು. ಬೆವರಿನಲ್ಲಿ ಮೈಮರೆತು ನಾನು ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದೆ. ಅಜ್ಜಿ ಕೈಯಲ್ಲಿದ್ದ ಇಳಕಲ್ ಸೀರೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಇದು ಸೋರಿಯಾಸಿಸ್ ರೀ. ಯಾರಿಗೂ ಹತ್ತಂಗಿಲ್ಲ, ನನ್ನ ಬಿಟ್ಟೂ ಹೋಗಂಗಿಲ್ಲ," ಎಂದೆ.

ಅಜ್ಜಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಗಂಡನತ್ತ ಒಮ್ಮೆ ನೋಡಿದಳು.

"ಹಂಗಾರ ನಮ್ಮ ಯಜಮಾನರಂಗ ಐತಿ ಬಿಡಪಾ," ಎಂದು ಸೀರೆಯನ್ನು ಮತ್ತೆ ಎತ್ತಿಕೊಂಡಳು.

ನಾನು ನಕ್ಕೆ. ಸವಿತಾ ನಗಲಿಲ್ಲ.

"ಖರೇನ ಹತ್ತಂಗಿಲ್ಲೇನ್ರಿ?" ಎಂದು ಕೇಳಿ, ತನ್ನ ಚೂಡಿದಾರದ ತೋಳನ್ನು ನಿಧಾನವಾಗಿ ಮೇಲೆ ಸರಿಸಿದಳು. ಅವಳ ಮೊಣಕೈಯ ಮೇಲೂ ಅಂಥದೇ ಬೆಳ್ಳಿ.

ಅಜ್ಜಿಗೆ ಅದು ಗೊತ್ತಿರಲಿಲ್ಲ. ಮೊಮ್ಮಗಳ ತೋಳು ಹಿಡಿದು ನೋಡಿ, ಮೊದಲು ಡಾಕ್ಟರಿಗೆ ತೋರಿಸೋಣ, ಆಮೇಲೆ ಗಂಡಿನ ಮನೆಯವರಿಗೆ ತಾನೇ ಹೇಳುತ್ತೇನೆ ಎಂದಳು. ನಾನು ವೈದ್ಯೆಯ ವಿಳಾಸ ಹೇಳಿದೆ. ಸೀರೆ ಕೊಳ್ಳದೆ ಹೋದರು. ಮದುವೆಯೇ ನಿಂತೀತೆಂಬ ಅಂಜಿಕೆ ಅಂಗಡಿಯಲ್ಲಿ ನನ್ನೊಂದಿಗೇ ಉಳಿಯಿತು.

ಕೆಲದಿನ ಬಿಟ್ಟು ಸವಿತಾ ಮತ್ತೆ ಬಂದಳು, ಜೊತೆಗೆ ಅವಳನ್ನು ಮದುವೆಯಾಗಲಿರುವ ದೊಡವಾಡದ ಹುಡುಗ. ಅವಳದೂ ಅದೇ ಎಂದು ವೈದ್ಯೆ ಹೇಳಿದ್ದರಂತೆ. ಅವನೂ ಹೋಗಿ ಕೇಳಿ ತಿಳಿದುಕೊಂಡು ಬಂದಿದ್ದನಂತೆ. ಅವಳು ಸೀರೆಗಳಲ್ಲಿ ಮುಳುಗಿರುವಾಗ ಆತ ಬಹಳ ಗಂಭೀರವಾಗಿ ನನ್ನತ್ತ ಬಾಗಿ ಕೇಳಿದ:

"ಆಕಿಗೆ ಸಣ್ಣ ತೋಳಿನ ಜಂಪರ್ ಹೊಲಿಸಿದ್ರ ನಡೀತೈತಲ್ರಿ? ಮದುವಿ ದಿನ ಶೆಕಿ ಭಾಳ ಇರತೈತಿ."