ಹತ್ತು ನಿಮಿಷ ನಗಬೇಡಿ

“ಸಾರ್, ಒಂದ್ ಹತ್ ನಿಮಿಷ ನಗ್ಬೇಡಿ, ಪ್ಲೀಸ್!”

ಸರಸ್ವತಿಪುರಂ ಪಾರ್ಕಿನಲ್ಲಿ ಬೆಳಿಗ್ಗೆ ಸರಿಯಾಗಿ ಆರೂವರೆಗೆ ನಮ್ಮ ನಗೆಕೂಟ ಶುರುಮಾಡಲು ಕೈ ಎತ್ತಿದ್ದೆ. ಓಡಿ ಬಂದು ತಡೆದವಳು ಒಬ್ಬ ಕಾಲೇಜು ವಿದ್ಯಾರ್ಥಿನಿ. ಚಳಿಗಾಲಕ್ಕೆ ಹಿಮಾಲಯದಿಂದ ಬರುವ ಪುಟ್ಟ ಹಾಡುಹಕ್ಕಿಗಳನ್ನು ದನಿ ಕೇಳಿಯೇ ಎಣಿಸುತ್ತಾಳಂತೆ. ನಮ್ಮ ಅಬ್ಬರದಲ್ಲಿ ಎರಡು ದಿನದಿಂದ ಏನೂ ಕೇಳಿಸಿರಲಿಲ್ಲ. ಇಲ್ಲಿ ಅವಳ ಅಧ್ಯಯನಕ್ಕೆ ಅಂದೇ ಕೊನೆಯ ದಿನ.

“ನಗೋಕೂ ನಿನ್ ಪರ್ಮಿಷನ್ ಬೇಕೇನಮ್ಮ?” ಎಂದು ಗೆಳೆಯ ಸಿದ್ದೇಗೌಡರು ರೇಗಿಸಿದರು.

ನಾನು ಕೈ ಇಳಿಸಿದೆ. ಹದಿನಾಲ್ಕು ಮಂದಿ ತುಟಿ ಬಿಗಿಹಿಡಿದು ನಿಂತೆವು. ಹೊಂಗೆ ಮರದಿಂದ ‘ಚಿಸ್ವೀ, ಚಿಸ್ವೀ’ ಎಂದು ದನಿ ಬಂತು. ಹುಡುಗಿ ಬರೆದುಕೊಂಡು ನಮ್ಮತ್ತ ಹೆಬ್ಬೆರಳೆತ್ತಿದಳು.

ಇಷ್ಟು ವರ್ಷ ಅದೇ ಮರದಡಿ ನಿಂತರೂ ನಾನು ಆ ದನಿ ಕೇಳಿರಲಿಲ್ಲ. ಈಗ ಮೊದಲು ಹಕ್ಕಿಗೆ ಕಿವಿಗೊಟ್ಟು, ಆರೂ ನಲವತ್ತಕ್ಕೆ ನಗುತ್ತೇವೆ.