ಆಟಗಾರರಿಗಿಂತ ಮೊದಲು ಮರಳಿಗಿಳಿಯುವ ಕಾಲು

ಬೆಳಗಿನ ನಮಾಜು ಮುಗಿಸಿದವರು ಇನ್ನೂ ಮಸೀದಿಯಿಂದ ಹೊರಗೆ ಬರುತ್ತಿದ್ದಾರೆ. ಅಷ್ಟರಲ್ಲೇ ಮೊಕ್ ಪಿಯಾ ಚಪ್ಪಲಿ ಕಳಚಿ ಬೇಲಿಯ ಪಕ್ಕ ಇಟ್ಟು, ಸಾರೊಂಗನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಲಿನ ಕಂಬದ ಬಳಿ ನಿಂತು ಹಿಂದೆ ಬರುವವರನ್ನು ಗದರುತ್ತಿದ್ದಾರೆ. "ಏನ್ರೇ, ಮದುವೆ ಮನೆಗೆ ಬಂದಿದೀರಾ? ಬೇಗ ಸಾಲಾಗಿ ನಿಂತ್ಕೊಳ್ರೇ!" ಒಂಬತ್ತು ಹೆಂಗಸರು ಗೊಣಗಿಕೊಂಡೇ ತೋಳು ಚಾಚಿದಷ್ಟು ಅಂತರ ಬಿಟ್ಟು ನಿಲ್ಲುತ್ತಾರೆ. ಆಮೇಲೆ ಹತ್ತೂ ಮಂದಿ ಪಾದವನ್ನು ಮರಳೊಳಗೆ ಹೂತು, ಮೇಲೆತ್ತದೆ, ತಳ್ಳಿಕೊಂಡು ತಳ್ಳಿಕೊಂಡು ಮುಂದೆ ಹೋಗುತ್ತಾರೆ.

ನಡುನಡುವೆ ಯಾರೋ ಒಬ್ಬರು ನಿಂತು, ಬಗ್ಗಿ, ಕಾಲಡಿಯಿಂದ ಏನನ್ನೋ ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಗಾಜಿನ ಚೂರು, ಮೀನಿನ ಗಾಳ, ಸತೇ ಮಾಂಸ ಪೋಣಿಸುವ ಕಡ್ಡಿ, ಸೋಡಾ ಮುಚ್ಚಳ, ಒಮ್ಮೆ ಅರ್ಧ ಕತ್ತರಿ. ನಮ್ಮ ಕಡಲ ದಂಡೆಯ ಊರು ಕುವಾಲ ಪೆರಾಯ್‌ನಲ್ಲಿ ಈ ಸಲ ಏಷ್ಯಾದ ಬೀಚ್ ಫುಟ್‌ಬಾಲ್ ಅರ್ಹತಾ ಪಂದ್ಯಾವಳಿ. ಇಲ್ಲಿ ಗೆದ್ದು ಮುಂದೆ ಬಂದ ತಂಡಗಳು ವಿಶ್ವಕಪ್‌ಗೆ ಹೋಗುತ್ತವೆ. ಈ ಆಟವನ್ನು ಬರಿಗಾಲಲ್ಲಿ ಆಡುತ್ತಾರೆ. ಹಾಗಾಗಿ ಆಟಗಾರರ ಕಾಲಿಗೆ ಚುಚ್ಚಬಹುದಾದದ್ದು ಮೊದಲು ಈ ಹೆಂಗಸರ ಕಾಲಿಗೆ ಚುಚ್ಚಬೇಕು. ಕೆಲಸ ಅಂದರೆ ಇಷ್ಟೇ. ಮೊದಲ ದಿನ ಇದನ್ನು ಕಣ್ಣಾರೆ ಕಂಡಾಗ ನನಗೆ ಮೈ ಉರಿದುಹೋಯಿತು. ಆ ಉರಿ ಇವತ್ತಿಗೂ ಆರಿಲ್ಲ.

ಈ ಕಸವೆಲ್ಲ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನಮ್ಮ ದಂಡೆ ಇಳಿಜಾರು, ಪಂದ್ಯಕ್ಕೆ ಸಮತಟ್ಟು ನೆಲ ಬೇಕು ಅಂತ ಬಸ್ ನಿಲ್ದಾಣದ ಹಿಂದಿನ ಬಯಲಿಗೆ ಲಾರಿಯಲ್ಲಿ ಮರಳು ತಂದು ಸುರಿದರು. ಗುತ್ತಿಗೆದಾರ ಮಹಾಶಯ ದೂರ ಹೋಗುವ ತಾಪತ್ರಯವೇ ಬೇಡ ಅಂತ ತಿಂಡಿ ಅಂಗಡಿಗಳ ಮುಂದಿನ ಮರಳನ್ನೇ ಬಾಚಿದ. ಅಲ್ಲಿ ಇಡೀ ಊರು ವರ್ಷಗಟ್ಟಲೆ ಕೂತು ತಿಂದು ಬಿಸಾಕಿದೆ. ಜರಡಿ ಯಂತ್ರವೊಂದು ಬಂತು. ಅದಕ್ಕೆ ಹೂಮಾಲೆ ಹಾಕಿ, ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡರು. ಒದ್ದೆ ಮರಳು ಸಿಕ್ಕಿಕೊಂಡು ಅದು ಎರಡನೆಯ ದಿನವೇ ಮಲಗಿತು. ಪರಿಶೀಲನೆಗೆ ಬಂದ ಹೊರಗಿನ ಅಧಿಕಾರಿ ಗೋಲಿನ ಮುಂದೆ ಬಾಟಲಿಯ ಕತ್ತನ್ನು ಎತ್ತಿ ತೋರಿಸಿದಾಗ ಸಂಘಟಕರ ಮುಖ ಬಿಳುಚಿತು.

ಆಗ ಮೈದಾನದ ಮೇಲ್ವಿಚಾರಕ ರುಸ್ದಿಗೆ ನೆನಪಾದದ್ದು ನಮ್ಮ ಅಳಿವೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸರು. ರುಸ್ದಿ ಇದೇ ಊರಿನವನು. ಅಳಿವೆಯ ಕೆಸರಲ್ಲಿ ಸೊಂಟದ ತನಕ ನಿಂತು, ಅಂಗಾಲಿನಿಂದ ತಡಕಿ ಚಿಪ್ಪು ಹುಡುಕುವ ಹೆಂಗಸರನ್ನು ನೋಡುತ್ತಲೇ ಬೆಳೆದವನು. ಕಣ್ಣಿಗೆ ಕಾಣದ್ದು ಅವರ ಕಾಲಿಗೆ ಸಿಗುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಅವರಿಗೂ ಕೆಲಸ ಬೇಕಿತ್ತು. ವಿಹಾರ ದೋಣಿ ನಿಲ್ಲಿಸುವುದಕ್ಕೆ ಅಂತ ಅಳಿವೆಯ ಹೂಳೆತ್ತಿದ ಮೇಲೆ ಚಿಪ್ಪೂ ಇಲ್ಲ, ಕೆಸರೂ ಇಲ್ಲ. ಹೆಂಗಸರೆಲ್ಲ ಅಂಗಡಿಗಳಲ್ಲಿ ತಟ್ಟೆ ತೊಳೆಯುತ್ತಿದ್ದರು.

ಸಪಿಯಾ ಬಿಂತಿ ದೆರಾಮನ್ ಅಂತ ಪೂರ್ತಿ ಹೆಸರು. ಊರಿಗೆಲ್ಲ ಮೊಕ್ ಪಿಯಾ, ಅಂದರೆ ಪಿಯಾ ಅಮ್ಮ. ವಯಸ್ಸು ಅರವತ್ತರ ಹತ್ತಿರ. ಹಾಲು ಹಲ್ಲು ಬೀಳುವ ಮೊದಲೇ ತಾಯಿಯ ಜೊತೆ ಅಳಿವೆಗೆ ಇಳಿದವರು. ಗಂಡ ಎಲ್ಲಿ ಅಂತ ಕೇಳಿದೆ. "ಕೆಮಾಮನ್ ಕಡೆ ಇನ್ನೊಬ್ಬಳ ಜೊತೆ ಇದಾನಂತೆ. ಬಿಟ್ಟು ಹೋದ ಅಂತಾರೆ ಜನ. ಚಿಪ್ಪು ಹುಡುಕೋಳು ನಾನು, ಬೇಕಾಗಿದ್ರೆ ಹುಡುಕ್ತಿರಲಿಲ್ವಾ?" ಅಂದು ನಕ್ಕರು. ಸಕ್ಕರೆ ಕಾಯಿಲೆ ಇದೆ. "ಡಾಕ್ಟರು ಟೀಗೆ ಸಕ್ಕರೆ ಬಿಡಿ ಅಂದ್ರು. ಬಿಟ್ಬಿಟ್ಟೆ ಮಗಾ, ಒಂದು ಚಮಚನೂ ಇಲ್ಲ. ಡಬ್ಬಿ ಹಾಲು ಸ್ವಲ್ಪ ಜಾಸ್ತಿ ಸುರ್ಕೋತೀನಿ, ಅಷ್ಟೆ." ಪಕ್ಕದಲ್ಲಿ ಕೂತಿದ್ದ ಲಿಮಾ ಹಣೆ ಚಚ್ಚಿಕೊಂಡರು. ಲಿಮಾ ಇವರಿಗಿಂತ ಚಿಕ್ಕವರು, ಅಳಿವೆಯಲ್ಲೂ ಮೈದಾನದಲ್ಲೂ ಯಾವಾಗಲೂ ಇವರ ಎಡಗಡೆಗೇ ನಡೆಯುವವರು.

ಈ ಹೆಂಗಸರಲ್ಲಿ ಒಂದು ಕಟ್ಟಳೆ ಇದೆ. ಯಾರ ಕಾಲು ಎಲ್ಲರಿಗಿಂತ ಚುರುಕೋ ಅವರು ಸಾಲಿನ ಬಲತುದಿಗೆ. ಅವರು ನಡೆದ ಜಾಗದಲ್ಲಿ ಇನ್ನೊಬ್ಬರು ಮತ್ತೆ ನಡೆಯುವಂತಿಲ್ಲ. ನಡೆದರೆ ಮುಖಕ್ಕೆ ಹೊಡೆದಷ್ಟೇ ಅವಮಾನ. ಎಷ್ಟೋ ವರ್ಷಗಳಿಂದ ಆ ತುದಿ ಮೊಕ್ ಪಿಯಾ ಅವರದು. ಮೈದಾನದಲ್ಲಿ ಅವರ ಪಾಲಿಗೆ ಬರುವುದು ಗೋಲಿನ ಮುಂದಿನ ಜಾಗ, ಗೋಲ್‌ಕೀಪರ್ ಎಗರಿ ಬೀಳುವ ಜಾಗ.

ನಮ್ಮ ತಂಡದ ಕ್ವಾರ್ಟರ್ ಫೈನಲ್ ಇದ್ದ ದಿನ ಬೆಳಿಗ್ಗೆ ನಾನು ಬೇಲಿಗೆ ಒರಗಿ ನಿಂತಿದ್ದೇನೆ. ಸಾಲು ಅರ್ಧ ಮೈದಾನ ದಾಟಿದೆ. ಇದ್ದಕ್ಕಿದ್ದಂತೆ ಲಿಮಾ ಕಿರುಚುತ್ತಾರೆ. "ಅಕ್ಕಾ, ನಿಂತ್ಕೋ! ರಕ್ತ!"

ಮೊಕ್ ಪಿಯಾ ತಿರುಗಿ ನೋಡುತ್ತಾರೆ. ಗೋಲಿನ ಹತ್ತಿರದಿಂದ ಅವರ ಹಿಂದೆಯೇ ಮರಳಲ್ಲಿ ಕೆಂಪು ಗೆರೆ ಎಳೆದುಕೊಂಡು ಬಂದಿದೆ. ಅದನ್ನು ನೋಡಿ ಅವರು ಕೇಳುತ್ತಾರೆ, "ಯಾರ್ದೇ ಅದು?"

ಲಿಮಾ ಕೆಳಗೆ ಕೂತು ಅವರ ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಅಂಗಾಲಿನಲ್ಲಿ ಬೆರಳುದ್ದದ ಗಾಜು ಇನ್ನೂ ನಾಟಿಕೊಂಡೇ ಇದೆ. ಅದನ್ನು ಕಿತ್ತಾಗಲೂ ಮೊಕ್ ಪಿಯಾ ಮುಖದಲ್ಲಿ ಏನೂ ಬದಲಾಗಲಿಲ್ಲ. ಅಷ್ಟು ಸಾಕಾಯಿತು ಲಿಮಾಗೆ.

"ಯಾವಾಗಿಂದ ಗೊತ್ತಾಗ್ತಿಲ್ಲ ನಿನ್ ಕಾಲಿಗೆ?"

"ಹಬ್ಬ ಆದ್ಮೇಲಿಂದ."

"ಹಬ್ಬದಿಂದ! ಜೋಮು ಹಿಡಿದ ಕಾಲಿಟ್ಕೊಂಡು ಬಲತುದಿಗೆ ನಿಂತಿದೀಯಲ್ಲೇ! ನೀನು ನಡೆದ ಕಡೆ ನಾವ್ಯಾರೂ ಕಾಲೇ ಇಡಲ್ಲ ಅಂತ ಗೊತ್ತಿಲ್ವಾ? ನಿನ್ ಜಂಬಕ್ಕೆ ಯಾರೋ ಹೆತ್ತ ಮಗನ ಕಾಲು ಸೀಳಿ ಹೋಗ್ತಿತ್ತಲ್ಲ!"

ಮೊಕ್ ಪಿಯಾ ಆ ಗಾಜನ್ನು ಲಿಮಾ ಕೈಯಿಂದ ತೆಗೆದುಕೊಂಡು ತಮ್ಮ ಸೊಂಟದ ಚೀಲಕ್ಕೆ ಹಾಕಿಕೊಂಡರು.

ಅಷ್ಟರಲ್ಲಿ ರುಸ್ದಿ ಓಡಿಬರುತ್ತಾನೆ. ಕಿವಿಯಲ್ಲಿ ಫೋನು. ಮರಳು ನೋಡುತ್ತಾನೆ. "ಅಯ್ಯಯ್ಯೋ, ಇದನ್ನ ತೆಗೀರಿ, ಮೊದ್ಲು ಇದನ್ನ ತೆಗೀರಿ! ಟಿವಿಯವ್ರು ಬಂದ್ಬಿಡ್ತಾರೆ, ಬೇರೆ ಮರಳು ಹಾಕಿ!" ತಾನೇ ಸಲಿಕೆ ಹಿಡಿದು ಬಗೆಯುತ್ತಾನೆ. ಎರಡು ಮಾರು ದೂರದಲ್ಲಿ ಅವನಿಗೆ ಅನ್ನ ಹಾಕಿದ ಊರಿನ ಹೆಂಗಸೊಬ್ಬಳು ಕಾಲು ಹಿಡಿದು ಕೂತಿದ್ದಾಳೆ. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

ಮೈದಾನದ ಮೂಲೆಯಲ್ಲೇ ವೈದ್ಯರ ಬಿಳಿ ಡೇರೆ ಇದೆ. ಮಂಚ ಇದೆ, ಔಷಧ ಇದೆ, ಕೆಲಸವಿಲ್ಲದೆ ಕಾಫಿ ಕುಡಿಯುತ್ತಿರುವ ಡಾಕ್ಟರೂ ಇದ್ದಾರೆ. ಲಿಮಾ ಒಂದು ಕಡೆ, ನಾನು ಒಂದು ಕಡೆ ಹಿಡಿದು ಕರೆದುಕೊಂಡು ಹೋದೆವು. ಬಾಗಿಲಲ್ಲಿ ನಿಂತವನು ಪಾಸ್ ಕೇಳಿದ. ಹತ್ತು ಹೆಂಗಸರಿಗೆ ಸೇರಿ ಒಂದೇ ಪಾಸು, ಅದು ಲಿಮಾ ಕೊರಳಲ್ಲಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ಸ್ವಚ್ಛತಾ ಕೆಲಸದವ್ರದ್ದು. ಇಲ್ಲಿ ಆಟಗಾರರಿಗೆ, ಅಧಿಕಾರಿಗಳಿಗೆ ಮಾತ್ರ ಅಮ್ಮಾ." ನಾನು ಅವನಿಗೆ ಏನಂದೆ ಅನ್ನುವುದನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ. ಡಾಕ್ಟರು ಡೇರೆಯೊಳಗಿಂದಲೇ ಕತ್ತೆತ್ತಿ ನೋಡಿ ಮತ್ತೆ ಲೋಟಕ್ಕೆ ಬಾಯಿ ಹಚ್ಚಿದರು.

ನನ್ನ ಹಳೆಯ ಕಾರಲ್ಲಿ ಸರಕಾರಿ ಆಸ್ಪತ್ರೆಗೆ ಹೊರಟೆವು. ಲಿಮಾ ಬರಲಿಲ್ಲ. "ನೀನು ಕರ್ಕೊಂಡು ಹೋಗು ಮಗಾ. ನಾನು ಅವಳು ನಡೆದ ಜಾಗದಲ್ಲಿ ನಡೀಬೇಕು" ಅಂದವರೇ ಉಳಿದ ಎಂಟು ಜನರನ್ನು ಕರೆದುಕೊಂಡು ಗೋಲಿನ ಮುಂದೆ ಹೋಗಿ ನಿಂತರು. ಸಂಘಟಕರು ಹೊರಗೆ ಹೋಗಿ ಹೋಗಿ ಅಂತ ಕೂಗುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಮೊಕ್ ಪಿಯಾ ನಡೆದ ಪಟ್ಟಿಯನ್ನೆಲ್ಲ ಮತ್ತೆ ನಡೆದರಂತೆ. ಇನ್ನೊಂದು ಗಾಜು, ಎರಡು ಗಾಳ ಸಿಕ್ಕವಂತೆ.

ಕಾರಲ್ಲಿ ನಾನೂ ರೇಗಿದೆ. ಹೇಳಬಾರದಿತ್ತಾ ಮೊಕ್ ಅಂತ ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತಲೇ ಉತ್ತರಿಸಿದರು. "ಹೇಳಿದ್ರೆ ಸಾಲಿಂದ ಬಿಡ್ತಿದ್ರು. ಮೂಗು ಸತ್ತ ಬಾಣಸಿಗನ್ನ ಯಾರಾದ್ರೂ ಅಡುಗೆಗೆ ಕರೀತಾರಾ? ಚಿಪ್ಪಿಲ್ಲ, ಅಳಿವೆ ಇಲ್ಲ. ಈ ಕಾಲೊಂದಿತ್ತು." ತಪ್ಪು ಅವರದೂ ಇದೆ, ನಾನು ಮುಚ್ಚಿಡುವುದಿಲ್ಲ. ಆದರೆ ಆಟಗಾರರ ಕಣಕಾಲು, ಕಿರುಬೆರಳು, ಉಗುರನ್ನೂ ಬಿಡದೆ ಪರೀಕ್ಷೆ ಮಾಡಿಸಿದ ಸಂಘಟಕರಿಗೆ, ಬರಿಗಾಲಲ್ಲಿ ಗಾಜು ಹುಡುಕುವುದಕ್ಕೆ ನಿಲ್ಲಿಸಿದವರ ಕಾಲು ಹೇಗಿದೆ ಅಂತ ಒಂದು ಮಾತು ಕೇಳುವುದಕ್ಕೆ ಏನು ರೋಗ ಬಂದಿತ್ತು? ನಾನು ಕೇಳಿದಾಗ ಸಂಘಟಕರು ಅವರು ಗುತ್ತಿಗೆದಾರನ ಜನ ಅಂದರು. ಗುತ್ತಿಗೆದಾರ ಅವರು ಯಾರ ಜನವೂ ಅಲ್ಲ, ದಿನಗೂಲಿ ಅಂದ. ಹೀಗೆ ಇಬ್ಬರೂ ಕೈ ತೊಳೆದುಕೊಂಡರು.

ಆಸ್ಪತ್ರೆಯ ಡಾಕ್ಟರು ಹೊಲಿಗೆ ಹಾಕಿ ಮುಚ್ಚುಮರೆಯಿಲ್ಲದೆ ಹೇಳಿದರು. ಸಕ್ಕರೆ ಕಾಯಿಲೆಗೆ ಮರಗಟ್ಟಿದ ಕಾಲು, ನೆನೆಯಬಾರದು, ಮರಳು ಸೋಕಬಾರದು. ಕೀವಾದರೆ ಬೆರಳು ಹೋಗುತ್ತದೆ, ಮೇಲಕ್ಕೆ ಏರಿದರೆ ಪಾದವೇ ಹೋಗುತ್ತದೆ.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದರೆ ಮೊಕ್ ಪಿಯಾ ಅಲ್ಲಿದ್ದಾರೆ! ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಕೊಂಡು, ಗೋಲಿನ ಮುಂದೆ ಕೂತು, ಅಂಗೈಯಿಂದ ಮರಳು ತಡಕುತ್ತ ತಡಕುತ್ತ ಕುಂಡೆ ಎಳೆದುಕೊಂಡೇ ಮುಂದೆ ಸಾಗುತ್ತಿದ್ದಾರೆ. ಬಲತುದಿಯಲ್ಲಿ ಲಿಮಾ ನಿಂತಿದ್ದಾರೆ. ಇಬ್ಬರೂ ಮಾತು ಬಿಟ್ಟಿದ್ದಾರೆ. ಆದರೂ ಬೇಲಿಯ ಹತ್ತಿರ ಲಿಮಾ ತಂದಿಟ್ಟ, ತೆಂಗಿನ ಹಾಲಿನ ಅನ್ನ ನಾಸಿ ದಗಾಂಗಿನ ಪೊಟ್ಟಣ ಎರಡಿವೆ, ಇಬ್ಬರಿಗೂ ಒಂದೊಂದು.

ರುಸ್ದಿ ಬರುತ್ತಾನೆ. "ಮೊಕ್, ಮನೆಗೆ ಹೋಗಿ. ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನ್ ತಲೆಗೆ ಬರುತ್ತೆ."

"ಲೋ ರುಸ್ದಿ, ನಾನು ಹೆಕ್ಕಿದ ಮರುವಾಯಿ ತಿಂದು ಬೆಳೆದ ಹುಡುಗ ನೀನು. ಈಗ ನನ್ ಕಾಲು ನೋಡೋಕೆ ಬಂದ್ಯೋ, ಮರಳು ನೋಡೋಕೆ ಬಂದ್ಯೋ?"

ರುಸ್ದಿ ತಲೆ ತಗ್ಗಿಸಿಕೊಂಡು ಹೋದ. ಮೊಕ್ ಪಿಯಾ ಫೈನಲ್‌ವರೆಗೂ ಬಂದರು. ಬೇಡವೆಂದು ಲಿಮಾ ಹೇಳಿದರು, ವಿಷಯ ಕೇಳಿ ಓಡಿಬಂದ ಅವರ ಮಗಳು ಅತ್ತಳು, ನಾನು ಜಗಳವಾಡಿದೆ. "ನನ್ ಜಾಗದಲ್ಲಿ ಗಾಜು ಸಿಕ್ಕಿದ್ದು ಬೇರೆಯವ್ರಿಗೆ. ಅದನ್ನ ಹಾಗೇ ಬಿಟ್ಟು ಮಲಗಿದ್ರೆ ನಿದ್ದೆ ಬರುತ್ತಾ ನಂಗೆ?" ಅಂದರು.

ಪಂದ್ಯಾವಳಿ ಮುಗಿದಿದೆ. ನಮ್ಮ ತಂಡ ಕ್ವಾರ್ಟರ್ ಫೈನಲ್‌ನಲ್ಲೇ ಸೋತದ್ದಕ್ಕೆ ಊರು ಇನ್ನೂ ಗೋಳಾಡುತ್ತಿದೆ. ಗಾಜು ಚುಚ್ಚಿತು ಅಂತ ಒಬ್ಬ ಆಟಗಾರನೂ ಡೇರೆಯ ಬಾಗಿಲು ತಟ್ಟಲಿಲ್ಲ. ಸಮಾರೋಪದ ಭಾಷಣದಲ್ಲಿ ಸಂಘಟನಾ ಸಮಿತಿಯ ಅಧ್ಯಕ್ಷರು ಪ್ರಾಯೋಜಕರಿಗೆ, ಪೊಲೀಸರಿಗೆ, ಮರಳನ್ನು ಶುದ್ಧಗೊಳಿಸಿದ ಆಧುನಿಕ ಜರಡಿ ಯಂತ್ರಕ್ಕೆ ಕೃತಜ್ಞತೆ ಸಲ್ಲಿಸಿದರು. ಹೌದು, ಆ ಮಲಗಿದ ಯಂತ್ರಕ್ಕೆ! ಜನ ಚಪ್ಪಾಳೆ ತಟ್ಟಿದರು.

ಫೈನಲ್ ದಿನ ಬೆಳಿಗ್ಗೆ ಮೈದಾನದಿಂದಲೇ ಮೊಕ್ ಪಿಯಾ ಅವರನ್ನು ಆಸ್ಪತ್ರೆಗೆ ಸೇರಿಸಿದ್ದರು. ಆ ಭಾಷಣವನ್ನು ನಾನು ಅವರ ಪಕ್ಕ ಕೂತು ಆಸ್ಪತ್ರೆಯ ವಾರ್ಡಿನ ಟಿವಿಯಲ್ಲಿ ನೋಡಿದೆ. ಅವರ ಬಲಗಾಲಿನ ಎರಡು ಬೆರಳು ಕಪ್ಪಾಗಿವೆ. ಭಾನುವಾರ ತೆಗೆಯುತ್ತಾರಂತೆ. ಪಾದ ಉಳಿಯುತ್ತದೋ ಇಲ್ಲವೋ ಆಮೇಲೆ ನೋಡೋಣ ಅಂದಿದ್ದಾರೆ ಡಾಕ್ಟರು. ಲಿಮಾ ಮಂಚದ ಕಾಲ್ತುದಿಯಲ್ಲಿ ಕೂತು ಅವರ ಇನ್ನೊಂದು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

ಟಿವಿಯಲ್ಲಿ ದೊಡ್ಡ ಮನುಷ್ಯರು ಕಪ್ ಕೊಡುವುದಕ್ಕೆ ಹೊರಟರು. ಗೇಟಿನಿಂದ ವೇದಿಕೆಯವರೆಗೆ ಮರಳಿನ ಮೇಲೆ ಉದ್ದಕ್ಕೆ ಕೆಂಪು ಚಾಪೆ ಹಾಸಿದ್ದರು. ಅದರ ಮೇಲೆ ಮಿರಿಮಿರಿ ಬೂಟು ಹಾಕಿಕೊಂಡು, ಆಚೀಚೆ ಕಾಲು ಜಾರದ ಹಾಗೆ, ಒಬ್ಬರ ಹಿಂದೊಬ್ಬರು ನಡೆದರು. ಮೊಕ್ ಪಿಯಾ ದಿಂಬಿನಿಂದ ತಲೆಯೆತ್ತಿ ನೋಡಿದರು. ನನ್ನ ತೋಳು ಹಿಡಿದು ಎಳೆದರು.

"ಮಗಾ, ಪೇಪರಲ್ಲಿ ಇದೊಂದು ಬರಿ. ಮುಂದಿನ್ಸಲ ಆ ಚಾಪೆ ಹಾಸ್ಬೇಡಿ. ಅವ್ರೂ ಬೂಟು ಬಿಚ್ಚಿ ಮರಳ ಮೇಲೇ ನಡೀಲಿ. ಹೆದರ್ಕೋಬೇಡಿ ಅಂತ ಹೇಳು, ಏನೂ ಚುಚ್ಚಲ್ಲ. ನಾವು ನಡೆದು ನೋಡಿದೀವಿ."